ಏಳು ಸುತ್ತು, ತಪ್ಪು ದಿಕ್ಕಿಗೆ

ಗಾಳಿಯಲ್ಲ. ಗಾಳಿಗೆಂದೇ ಡೇರೆ ಕಟ್ಟಿ
ನಾಲ್ಕೂ ಮೂಲೆಗೆ ಮರಳಿನ ಚೀಲ ಹೇರಿದ್ದೆವು.
ಆದರೂ ಜಾನಿಲಕ್ಕನ ಕಡ್ಡಿಯ ತುದಿಯಲ್ಲಿ ಹುಟ್ಟಿದ ಬೆಂಕಿ
ನೆಟ್ಟಗೆ ಇಳಿಯಲೊಲ್ಲದು.
ಕಡ್ಡಿ ಇಲ್ಲಿದ್ದರೆ ಅದು ಅಲ್ಲಿ, ಸಂದಿಯುದ್ದಕ್ಕೆ
ಒಂದು ಬೆರಳು ಮುಂದೆ ಓಡಿ,
ಕರಗಿದ ಕಬ್ಬಿಣವನ್ನು ಥೂ ಎಂದು ಉಗಿದು
ಆರಿಹೋಗುತ್ತಿತ್ತು.

ಅಕ್ತೋಬೆಯಿಂದ ನೂರರವತ್ತು ಕಿಲೋಮೀಟರ್ ಈಚೆ.
ಮೈನಸ್ ಇಪ್ಪತ್ತೆರಡು.
ಮೂರು ಕಡ್ಡಿ ಹಾಳಾದವು. ನಾಲ್ಕನೆಯದಕ್ಕೆ
ಅಕ್ಕ ಮುಖದ ಗುರಾಣಿ ಮೇಲೆತ್ತಿ ನನ್ನನ್ನೇ ನೋಡಿದಳು:
"ಏನು ಮಾಡಿದೆಯೋ?"
ನಾನೇನು ಮಾಡಿದ್ದೆ! ಕೊಳವೆಯ ಬಾಯಿ ಉಜ್ಜಿದ್ದೆ, ಅಷ್ಟೆ.
ಉಜ್ಜಿದ ಪುಡಿ ಕೆಳಗೆ ಬಿದ್ದಿರಲಿಲ್ಲ.
ಅಂಚಿನ ಸುತ್ತ ಎದ್ದು ನಿಂತಿತ್ತು,
ಚಳಿಗೆ ನಿಮಿರಿದ ರೋಮದ ಹಾಗೆ.

ಅಂಗಿಯ ಕಾಲರಿನಿಂದ ಸೂಜಿ ಕಿತ್ತು
ದಾರ ಕಟ್ಟಿ ಸಂದಿಯ ಮೇಲೆ ಇಳಿಬಿಟ್ಟಳು.
ಸೂಜಿ ತೂಗಲಿಲ್ಲ.
ಅಡ್ಡ ತಿರುಗಿ, ದಾರವನ್ನೂ ಎಳೆದುಕೊಂಡು,
ಯಾರೋ ಒಳಗಿನಿಂದ ಹೆಸರು ಹಿಡಿದು ಕರೆದಂತೆ
ಹೋಗಿ ಅಂಟಿತು.

ಹೋದ ವಾರ ಕೊಳವೆಯೊಳಗೆ ಒಂದು ಯಂತ್ರ ಹಾಯಿಸಿದ್ದರು,
ತುಕ್ಕು ಹುಡುಕಲು, ಮೈತುಂಬ ಆಯಸ್ಕಾಂತ ಹೊತ್ತದ್ದು.
ಅದು ಬಂತು, ಹೋಯಿತು.
ಉಕ್ಕು ಮರೆತಿಲ್ಲ.
ಎಲ್ಲಿ ಕೊಯ್ದೆವೋ ಅಲ್ಲೇ, ಈ ಮೂರು ಮಿಲಿಮೀಟರಿಗೇ
ಇಡೀ ಕೊಳವೆಯ ಸೆಳೆತ ಬಂದು ದಾಟುತ್ತಿದೆ
ಬೇಲಿ ಮುರಿದ ಕಡೆ ಮಂದೆಯೆಲ್ಲ ನುಗ್ಗಿದಂತೆ.
ಅದರ ನಡುವೆ ಪಾಪ, ಒಂದು ಗೇಣೂ ಇಲ್ಲದ ಬೆಂಕಿ
ನಿಲ್ಲು ಅಂದರೆ ಹೇಗೆ ನಿಂತೀತು?

"ಕೇಬಲ್ ಸುತ್ತು" ಅಂದಳು. ಸುತ್ತಿದೆ.
ಕೊಳವೆಯ ಕೊರಳಿಗೆ ಏಳು ಸುತ್ತು. ವಿದ್ಯುತ್ ಬಿಟ್ಟೆ.
ಸೂಜಿ ದಾರ ಹರಿದುಕೊಂಡೇ ಹಾರಿತು.
ತಪ್ಪು ದಿಕ್ಕು.
ಅವಳು ಬೈಯಲಿಲ್ಲ, ಅದೇ ಕಷ್ಟ.
ಚಳಿಗೆ ಸೆಟೆದ ಕೇಬಲ್, ಮದುವೆಮನೆಗೆಂದು
ಹೊರಗೆ ತೂಗುಹಾಕಿದ ಕುದುರೆ ಕರುಳಿನಷ್ಟು ಬಿರುಸು;
ಬಿಚ್ಚಿದೆ, ಏಳೂ ಸುತ್ತು, ಬೆರಳಿಗೆ ಜೀವವಿಲ್ಲ.
ಡೇರೆಯ ಕಿಂಡಿಯಲ್ಲಿ ಬೆಕ್ಸುಲ್ತಾನನ ಮುಖ:
"ಬೆಳಗಿಗೆ ಗ್ಯಾಸ್ ಬಿಡಬೇಕು."
ಅಕ್ಕ: "ಬಿಡು. ಈಗ ಬಾಗಿಲು ಮುಚ್ಚು."

ಕೇಬಲಿನ ಆ ತುದಿ ಹಿಡಿಯಲು ಹೊರಗೆ ಹೋದಾಗ ಕಂಡೆ,
ನೆತ್ತಿಯ ಈಚೆ, ತೆಮಿರ್‌ಕಾಜಿಕ್.
ಕಬ್ಬಿಣದ ಗೂಟ ಅಂತ ನಮ್ಮ ಹಿರಿಯರು ಕರೆದ ಧ್ರುವ;
ಎರಡು ಕುದುರೆ ಕಟ್ಟಿದೆ ಅದಕ್ಕೆ, ರಾತ್ರಿಯಿಡೀ ಸುತ್ತುತ್ತವೆ.
ಗೂಟ ಹಿಡಿದದ್ದಕ್ಕೆ ಕುದುರೆ ಸುತ್ತುತ್ತವೋ,
ಕುದುರೆ ಎರಡೂ ಕಡೆ ಜಗ್ಗುವುದರಿಂದ
ಗೂಟ ನೆಟ್ಟಗೆ ನಿಂತಿದೆಯೋ?
ಒಳಗೆ ಬಂದು ಅಕ್ಕನನ್ನು ಕೇಳಿದೆ.
"ಕೇಬಲ್ ಬಿಗಿಯಾಗಿ ಹಿಡಿ" ಅಂದಳು.

ಈ ಸಲ ಬಲದಿಂದ. ಐದೇ ಸುತ್ತು.
ಅವಳು ಗುಂಡಿ ಕೂದಲೆಳೆಯಷ್ಟೇ ತಿರುಗಿಸುತ್ತ ಹೋದಳು,
ಸೂಜಿ ಅತ್ತ ನೋಡಿತು, ಇತ್ತ ನೋಡಿತು,
ಆಮೇಲೆ ಎಲ್ಲ ಸೂಜಿಗಳ ಹಾಗೆ
ಸುಮ್ಮನೆ, ಭೂಮಿಗೆ ಮಾತ್ರ, ಜೋತುಬಿತ್ತು.

ಒಂದು ಸೆಳೆತವನ್ನು ಕೊಂದವರಿಲ್ಲ ಅಲ್ಲಿ.
ಅಷ್ಟೇ ತೂಕದ ಇನ್ನೊಂದನ್ನು ಎದುರು ನಿಲ್ಲಿಸಿದ್ದು.
ನಡುವೆ ಸಿಕ್ಕಿದ ಆ ಒಂದಿಷ್ಟು ನೆಮ್ಮದಿಯಲ್ಲಿ
ಬೆಂಕಿ ನೆಟ್ಟಗೆ ಇಳಿಯಿತು,
ಎರಡೂ ಅಂಚನ್ನು ಸಮವಾಗಿ ಮುಟ್ಟಿ ಕರಗಿಸಿತು.
ನಾನು ಕಪ್ಪು ಗಾಜಿನ ಹಿಂದೆ ಉಸಿರು ಹಿಡಿದು
ಹಸಿರು ಚುಕ್ಕೆ ನಡೆಯುವುದನ್ನು ನೋಡುತ್ತಿದ್ದೆ.

ಮೊದಲ ಪದರ ಸುತ್ತಿ ಬಂದು ಬಾಯಿ ಕೂಡಿದ ಮೇಲೆ
ಕೇಬಲ್ ಬಿಚ್ಚಿದೆವು. ಬೇಕಾಗಲಿಲ್ಲ.
ದಾಟಲು ಸಂದಿಯೇ ಇಲ್ಲ; ಸೆಳೆತ
ಉಕ್ಕಿನೊಳಗೇ ಎಲ್ಲೋ ಮಲಗಿತ್ತು.

ಬೆಳಗ್ಗೆ ಹಾಲು ಹಾಕಿದ ಚಹಾ. ನನ್ನ ಕೋಟಿನ ಗುಂಡಿ ಕಿತ್ತಿತ್ತು.
ಹೊಲಿಯಲು ಅಕ್ಕ ಅದೇ ಸೂಜಿ ತೆಗೆದಳು.
ಅದು ಬೆರಳಿನ ಟೋಪಿಗೆ ಅಂಟಿತು,
ಬಿಡಿಸಿದರೆ ಕತ್ತರಿಗೆ,
ಕತ್ತರಿಯಿಂದ ಕಿತ್ತರೆ ಚಹಾದ ತಗಡಿನ ಡಬ್ಬಿಗೆ.
"ಇದೂ ಕಲಿತುಬಿಟ್ಟಿತು" ಅಂದಳು,
ಮೊದಲ ಸಲ ನಕ್ಕು,
ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ.