ಆಕಾಶ ಕಾಯಿಸುವ ಕೆಲಸ

ಸೇಂಟ್ ಜಾನ್ ನದಿ ಹೆಪ್ಪುಗಟ್ಟಿದ ವಾರ
ಓಡೀಲ್ ಥಿಬೊಡೋ ಫೋನು ಮಾಡಿದಳು:
ಎರಡು ಲಾರಿ ಮೇಪಲ್ ಸೌದೆ ಉರಿದು ಹೋಯಿತು,
ಮಂಚದ ಪಕ್ಕದ ಲೋಟದಲ್ಲಿ ಬೆಳಿಗ್ಗೆ ಮಂಜುಗಡ್ಡೆ.

ಹೋಗಿ ನೋಡಿದೆ.
ಅವಳ ಅಜ್ಜ ಕಟ್ಟಿಸಿದ ಅಗ್ಗಿಷ್ಟಿಕೆ,
ಕರುವೊಂದು ಒಳಹೊಕ್ಕು ಮಲಗುವಷ್ಟು ಬಾಯಿ.
ಉರಿಯೇನೋ ಚೆಂದ. ಎದುರು ಕೂತರೆ ಮೊಣಕಾಲು ಸುಡುತ್ತದೆ,
ಬೆನ್ನ ಮೇಲೆ ಯಾರೋ ಒದ್ದೆ ಬಟ್ಟೆ ಹೊದಿಸಿದ ಹಾಗೆ.
ಬಾಗಿಲ ಸಂದಿಗೆ ಮೇಣದಬತ್ತಿ ಹಿಡಿದೆ:
ಕುಡಿ ಒಳಕ್ಕೆ ಬಾಗಿತು.

"ನೋಡು, ಇದು ಉಸಿರಾಡುವುದು ಹೀಗೆ.
ಹೊರಗಿನ ಚಳಿಯನ್ನು ಒಳಗೆಳೆದು
ಮನೆಯ ಬಿಸಿಯನ್ನು ಮೇಲಕ್ಕೆ ಕಳಿಸುತ್ತದೆ.
ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಲೆಕ್ಕ.
ಮೂರು ತಲೆಮಾರು ನೀವು ಆಕಾಶ ಕಾಯಿಸಿದ್ದೀರಿ."
ಅವಳು ನಗಲಿಲ್ಲ. ಶಾಲೆಯ ಬಸ್ಸು ಓಡಿಸುವವಳು,
ಉರಿದದ್ದಕ್ಕೆಲ್ಲ ಬೆಲೆಯುಂಟೆಂದು ಬಲ್ಲವಳು.

ಮರುದಿನ ಕಬ್ಬಿಣದ ಪೆಟ್ಟಿಗೆಯನ್ನು
ನಾಲ್ಕು ಜನ ಹೆರಿಗೆಮನೆಯ ಏದುಸಿರಲ್ಲಿ
ಆ ಬಾಯೊಳಗೆ ತುರುಕಿದೆವು.
ಸೂರು ಹತ್ತಿ ಸ್ಟೀಲಿನ ಕೊಳವೆ ಇಳಿಸುವಾಗ
ಮಸಿಯ ಜೊತೆ ಬಿತ್ತು ಒಂದು ಗೂಡು:
ಎಂಜಲಲ್ಲಿ ಅಂಟಿಸಿದ ಕಡ್ಡಿಗಳ ಅರ್ಧ ಬಟ್ಟಲು.
ಹಕ್ಕಿಗಳು ದಕ್ಷಿಣಕ್ಕೆ ಹೋಗಿ ತಿಂಗಳುಗಳಾಗಿವೆ.
ಓಡೀಲ್ ಅದನ್ನು ಮೊಟ್ಟೆಯ ಡಬ್ಬಿಯಲ್ಲಿಟ್ಟು
ನನ್ನ ಕಡೆ ನೋಡಿದಳು, ತಪ್ಪು ನನ್ನದೆಂಬಂತೆ.
ಇರಬಹುದು.
ಮೇಲೆ ತಗಡು ಮುಚ್ಚಿ ಸ್ಕ್ರೂ ಬಿಗಿದೆ.
ಮೇ ತಿಂಗಳಲ್ಲಿ ಅವು ಬಂದು ಸುತ್ತುವ ಸುತ್ತಿಗೆ
ನನ್ನ ಬಿಲ್ಲಿನಲ್ಲಿ ಜಾಗವಿಲ್ಲ.

ಈಗ ಬೆಂಕಿ ಗಾಜಿನ ಹಿಂದೆ.
ಗಾಳಿಗೊಂದು ಹಿಡಿ ಇದೆ, ಅಳೆದು ಉಣಿಸಬೇಕು.
ಹೊಗೆ ಏರುತ್ತ ತಲೆಯ ಮೇಲಿನ ಹಲಗೆಗೆ ಬಡಿದು ಮರಳಿ,
ಸಣ್ಣ ತೂತುಗಳ ಬಿಸಿ ಗಾಳಿ ಸೋಕಿದ್ದೇ
ತಾನೇ ಹೊತ್ತಿಕೊಳ್ಳುತ್ತದೆ.
ಓಡಿಹೋಗಬೇಕಿದ್ದದ್ದು ಎರಡನೆಯ ಸಲ ದುಡಿಯುತ್ತದೆ.
ನೆಲದ ತಣ್ಣನೆ ಗಾಳಿ ಪೆಟ್ಟಿಗೆಯ ಅಡಿ ನುಸುಳಿ,
ಕಾದ ಬೆನ್ನನ್ನು ಸವರಿ,
ಮೇಲಿನ ಸೀಳಿನಿಂದ ಕೋಣೆಗೆ ಬರುತ್ತದೆ,
ಫ್ಯಾನು ಅದನ್ನು ಮೆಟ್ಟಿಲವರೆಗೂ ತಳ್ಳುತ್ತದೆ.

"ಚಟಪಟ ಕೇಳುವುದಿಲ್ಲ," ಎಂದ ಅವಳ ಮಗ ಎತಿಯೆನ್,
"ಸದ್ದು ತೆಗೆದ ಟೀವಿ."
ಅದಕ್ಕೆ ಬೇಕಾದ ಬಿಡಿಭಾಗ ನನ್ನ ವ್ಯಾನಿನಲ್ಲಿರಲಿಲ್ಲ.

ಫೆಬ್ರವರಿಯ ಬಿರುಗಾಳಿಗೆ ಕಂಬಗಳು ಉರುಳಿದ ರಾತ್ರಿ
ಮತ್ತೆ ಅವಳ ಫೋನು:
"ಕರೆಂಟಿಲ್ಲ, ಫ್ಯಾನು ನಿಂತಿದೆ. ಬಿಸಿ ದೂರ ಬರುತ್ತಿಲ್ಲ.
ಈಗೇನು ಮಾಡುವುದು?"

"ಹತ್ತಿರ ಹೋಗಿ," ಎಂದೆ.

ಆ ಕಡೆ, ಮರದ ನೆಲದ ಮೇಲೆ
ಒಂದೊಂದಾಗಿ ಕುರ್ಚಿ ಎಳೆಯುವ ಸದ್ದು.