ಮೊಳೆಗಳ ಪಟ್ಟಿ

ಭದ್ರಾವತಿಯಲ್ಲಿ, ಸೇತುವೆಯಿಂದ ಈಚೆ,
ತಗಡಿನ ಮಾಡಿನ ಒಂದೇ ಕೋಣೆ.
ಮೂರನೇ ಪಾಳಿಯ ಸಭೆ ಅಂತ ಕರೆಯುತ್ತಿದ್ದರು.
ರಾತ್ರಿಯಿಡೀ ಕಬ್ಬಿಣ ಕರಗಿಸಿದವರು
ಬೆಳಗಿನ ಕೂಗಿಗೆ ಗೇಟು ದಾಟಿ
ಮನೆಗೆ ಹೋಗದೆ ಇಲ್ಲಿಗೆ ಬಂದು
ಮಸಿಮುಖದಲ್ಲೇ ಮೊಣಕಾಲೂರುತ್ತಿದ್ದರು.
ಪಾದ್ರಿ ಇಲ್ಲ, ಗಂಟೆ ಇಲ್ಲ.
ಶುರುಮಾಡಿದ್ದು ಯಾರು? ನಡಾವಳಿ ಪುಸ್ತಕದಲ್ಲಿ
‘ನಾವು’ ಅಂತಷ್ಟೇ ಇದೆ.
ನಿದ್ದೆ ಬಂದವನು ಅಲ್ಲೇ ಮಲಗಬಹುದು,
ಅದೂ ಪ್ರಾರ್ಥನೆಯೇ ಎಂದು ಪೆನ್ಸಿಲಿನಲ್ಲಿ ಬರೆದು
ಎರಡು ಸಲ ಅಡಿಗೆರೆ ಎಳೆದಿದ್ದಾರೆ.

ಇದರ ಚರಿತ್ರೆ ಉಳಿಸುತ್ತೇನೆಂದು ಹೊರಟವಳು ನಾನು,
ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ಸಾಕಾಗಿ.
ಮೊದಲ ದಿನ ಪೊರಕೆ ಹಿಡಿದೆ.
ಹೆಗ್ಗಣ ತೋಡಿದ ಮಣ್ಣು, ಬಾವಲಿ ಹಿಕ್ಕೆ,
ಯಾವುದೋ ಗಾಜಿನ ಚೂರು, ಹಸಿರು, ಕೆಂಪು, ಮಾಸಲು ನೀಲಿ,
ಎಲ್ಲ ಸೇರಿ ಎರಡು ಬುಟ್ಟಿ, ನಗರಸಭೆಯ ಗಾಡಿಗೆ.
ಕೈ ತೊಳೆದು ಹೊಸ ಪುಸ್ತಕ ಬಿಚ್ಚಿ ಕೂತೆ.

ಗೋಡೆಗೆ ಹಲಗೆ. ಹಲಗೆಗೆ ಎಪ್ಪತ್ತೆರಡು ಮೊಳೆ.
ಮೇಲಿನ ಎರಡು ಸಾಲಿಗೆ ಹಿತ್ತಾಳೆ ಬಿಲ್ಲೆ,
ಕಾರ್ಖಾನೆಯ ಹಾಜರಿ ಬಿಲ್ಲೆಯದೇ ಅಚ್ಚು,
ಕದ್ದು ಹೊಯ್ದದ್ದೋ ಕೇಳಿ ಪಡೆದದ್ದೋ ತಿಳಿಯದು.
೧೧೪೭. ೬೦೯. ೨೨೧೮.
ಒಂದಕ್ಕೂ ಹೆಸರಿಲ್ಲ.
ಲೆಕ್ಕದ ಟೀಚರಿಗೆ ತಕ್ಕ ಶಿಕ್ಷೆ.

ಕೆಳಗಿನ ಸಾಲು ಬರೀ ಮೊಳೆ, ತುಕ್ಕು.
‘ಖಾಲಿ. ಬಳಕೆಯಾದಂತಿಲ್ಲ’ ಎಂದು ಬರೆದೆ,
ಶಾಯಿಯಲ್ಲಿ.

ಮಸ್ಟರ್ ರೋಲು ಎಂದೋ ರದ್ದಿಗೆ ಹೋಗಿತ್ತು.
ಹಳೇನಗರ, ಜನ್ನಾಪುರ, ಮನೆಮನೆ ತಿರುಗಿದೆ.
ಜ್ಞಾನಮುತ್ತು ಅವರ ಮಗ, ಈಗ ಅವನಿಗೇ ಎಪ್ಪತ್ತು,
ಅಪ್ಪ ಹುಟ್ಟಿದ ವರ್ಷ ಮರೆತಿದ್ದ,
ತೀರಿಕೊಂಡ ತಿಂಗಳೂ ಮರೆತಿದ್ದ.
‘ಆರುನೂರ ಒಂಬತ್ತು’ ಎಂದ, ನಾನು ಕೇಳುವ ಮೊದಲೇ.
ಅಷ್ಟು ಹೇಳಿ ಒಳಗೆ ಹೋದವನು
ಬಹಳ ಹೊತ್ತು ನೀರು ಕುಡಿದ.

ಕಾಗದನಗರದಲ್ಲಿ ಕೃಪಾಮಣಿಯವರಿಗೆ ತೊಂಬತ್ತೊಂದು.
ಹಲಗೆಯ ಫೋಟೋ ಕಣ್ಣಿಗೆ ಹತ್ತಿರ ಹಿಡಿದು ನಕ್ಕರು.
‘ಖಾಲಿಯೆ? ಕಾರ್ಖಾನೆಯವರು
ಹೆಂಗಸರಿಗೆ ಬಿಲ್ಲೆ ಕೊಡುತ್ತಿದ್ದರೇನಮ್ಮ?
ನಾವು ಬುತ್ತಿ ಹೊರುವವರು, ಬೂದಿ ಜರಡಿ ಹಿಡಿಯುವವರು.
ಒಳಗೆ ಬಂದ ಕೂಡಲೆ ಒಂದು ಬಳೆ ಬಿಚ್ಚಿ ಮೊಳೆಗೆ,
ಹೋಗುವಾಗ ಮತ್ತೆ ಕೈಗೆ. ಅದೇ ನಮ್ಮ ಹಾಜರಿ.
ಯಾವಳದಾದರೂ ಮೊಳೆ ಬರಿದಾಗಿ ಕಂಡರೆ
ಗಂಜಿ ತಗೊಂಡು ಅವಳ ಮನೆಗೆ.’

ಗಂಡ ಸತ್ತವರು? ಕೇಳಿದೆ.

‘ಸುಗುಣಕ್ಕನ ಗಂಡ ಕುಲುಮೆಯ ಬಾಯಲ್ಲಿ ಹೋದ.
ಬರಿಗೈಲಿ ಬಂದು ಬಾಗಿಲಲ್ಲೇ ನಿಂತಳು.
ನಾವೆಲ್ಲ ನಮ್ಮ ನಮ್ಮ ಕೈ ನೋಡಿಕೊಂಡೆವು.
ಆಮೇಲೆ ನಾನು ಎದ್ದು ಅವಳ ಮೊಳೆಗೆ
ನನ್ನದೊಂದು ಹಾಕಿದೆ, ಹಸಿರು.
ವಾಪಸು ತಗೊಳ್ಳಲಿಲ್ಲ.
ಸಭೆ ನಿಂತ ದಿನ ಉಳಿದವರೂ
ಒಂದೊಂದು ಬಿಟ್ಟು ಬಂದೆವು.
ನೋಡಿದೆಯಲ್ಲ? ಅಲ್ಲೇ ಇರಬೇಕು.’

ಇದೆ ಎನ್ನಬಹುದಿತ್ತು.
ಚಹಾಕ್ಕೆ ಕೆನೆ ಕಟ್ಟಿತು.
ಗುಡಿಸಿಬಿಟ್ಟೆ ಎಂದೆ. ನೆಲದ ಮೇಲೆ, ಎಲ್ಲ ಒಡೆದು…
ಮುಗಿಸಲು ಬಿಡಲಿಲ್ಲ ಅವರು.
‘ಬಳೆ ಒಡೆಯಿತು ಅನ್ನಬಾರದು.
ಹೆಚ್ಚಿತು ಅನ್ನಬೇಕು.
ಟೀಚರಮ್ಮ, ಇಷ್ಟೂ ಗೊತ್ತಿಲ್ಲವೆ?’

ರಾತ್ರಿ ಪುಸ್ತಕದಲ್ಲಿ ಶಾಯಿಯ ಸಾಲು ಹೊಡೆದುಹಾಕಿದೆ,
ಓದಲು ಬರುವ ಹಾಗೆ, ಒಂದೇ ಗೆರೆ.
ಮೊಳೆ ೪೯ರಿಂದ ೭೨: ಗಾಜಿನ ಬಳೆ.
ಪಟ್ಟಿ ಮಾಡಿದವಳೇ ಕಸಕ್ಕೆ ಹಾಕಿದಳು.
ತಾರೀಕು, ಸಹಿ.
ಸ್ಥಿತಿ ಎಂಬ ಕಾಲಮ್ಮಿನಲ್ಲಿ: ಹೆಚ್ಚಿವೆ.

ಅದರ ಕೆಳಗೆ ಇನ್ನೊಂದು ವಸ್ತು ಸೇರಿಸಿದೆ.
ಪೊರಕೆ, ತೆಂಗಿನ ಕಡ್ಡಿಯದು, ಒಂದು.