ಮೊದಲು ಗುಂಡಿ ಎಣಿಸಿಕೋ

ಎಣಿಸಿಕೋ ಓಬಳೇಶ, ಮೊದಲು ಗುಂಡಿ ಎಣಿಸಿಕೋ.
ಮೂವತ್ತು. ನಿನ್ನವು ಹಸಿರು,
ಕಾರ್ಪೊರೇಷನ್ ಶಾಲೆಯ ಅಂಗಿಗೆ ತಂದಿಟ್ಟವು.
ನಸ್ರೀನಕ್ಕನವು ಬಿಳಿ. ಭಂವರ್‌ಲಾಲನವು ಹಿತ್ತಾಳೆ,
ಬ್ಯಾಂಡ್‌ಸೆಟ್ಟಿನವರ ಕೋಟಿನದು.
ನನ್ನವು ಕಪ್ಪು. ವಕೀಲರು ಇನ್ನೂ ದುಡ್ಡು ಕೊಟ್ಟಿಲ್ಲ.

ಸಂಡೇ ಬಜಾರಿನಲ್ಲಿ ನಲವತ್ತು ರೂಪಾಯಿಗೆ
ಪ್ರಪಂಚ ಸಿಕ್ಕಿತು, ಡಬ್ಬದ ಸಮೇತ.
ಒಳಗೆ ಒಬ್ಬ ಸೈನಿಕನೂ ಇರಲಿಲ್ಲ.
ಮಡಿಕೆಯಲ್ಲಿ ಹರಿದು ಯುರೋಪು ಒಂದು ಕಡೆ,
ಏಷ್ಯಾ ಒಂದು ಕಡೆ ನೇತಾಡುತ್ತಿತ್ತು.
ಹಿಂದಿನಿಂದ ಕ್ಯಾನ್ವಾಸ್ ಕೊಟ್ಟು ನಾನೇ ಹೊಲಿದೆ.
ಪುಸ್ತಕದಲ್ಲಿ ಅಲ್ಲಿ ಬೆಟ್ಟಸಾಲು ಅಂತ ಇದೆಯಂತೆ.
ಮುಟ್ಟಿ ನೋಡು, ಬೆಟ್ಟವೇ.

ದಾಳಿ ಮಾಡುವವನಿಗೆ ಮೂರು ದಾಳ, ಕಾಯುವವನಿಗೆ ಎರಡು.
(ಆ ರಬ್ಬರಿನದು ನಾನು ಕೆತ್ತಿದ್ದು.
ಅದಕ್ಕೆ ಎರಡು ಬೀಳುವ ಚಟ.)
ಸಮ ಬಿದ್ದರೆ ಕಾಯುವವನದೇ ಗೆಲುವು,
ಈ ಕಾಟನ್‌ಪೇಟೆಯ ಬಾಡಿಗೆ ಕೇಸಿನ ಹಾಗೆ:
ಒಳಗೆ ಕೂತವನನ್ನು ಎಬ್ಬಿಸುವುದು ಅಷ್ಟು ಸುಲಭ ಅಲ್ಲ.
ಹೊರಡುವಾಗ ಒಂದು ಗುಂಡಿ ಹಿಂದೆ ಬಿಟ್ಟು ಹೊರಡು.
ದೇಶ ಗೆಲ್ಲಲು ಹೋದರೂ
ಗಲ್ಲಾಪೆಟ್ಟಿಗೆ ಹತ್ತಿರ ಒಬ್ಬ ಇರಬೇಕು.

ಏಷ್ಯಾ ನೋಡಿ ಬಾಯಿ ಬಿಡಬೇಡ.
ಅದು ಮೆಜೆಸ್ಟಿಕ್ಕು. ಎಲ್ಲ ದಿಕ್ಕಿನಿಂದ ಬಸ್ಸು ನುಗ್ಗುತ್ತೆ,
ಕಿಟಕಿಯಿಂದ ಟವಲ್ ಹಾಕಿ ಹಿಡಿದ ಸೀಟಿನಲ್ಲಿ
ನೀನು ಹತ್ತುವಷ್ಟರಲ್ಲಿ ಇನ್ಯಾರೋ ಕೂತಿರ್ತಾರೆ.
ಆಸ್ಟ್ರೇಲಿಯಾ ನೋಡು, ಒಂದೇ ಬಾಗಿಲಿನ ವಠಾರ.
ನಸ್ರೀನಕ್ಕ ಪ್ರತಿ ಭಾನುವಾರ ಅಲ್ಲೇ ಹೋಗಿ ಕೂರ್ತಾಳೆ,
ಸರದಿಗೆರಡು ಗುಂಡಿ ಹೆಚ್ಚಿಗೆ ತಗೊಂಡು, ಮಾತಿಲ್ಲದೆ.
ನಾವು ಮೂವರು ಕಿತ್ತಾಡಿ ಸುಸ್ತಾದಾಗ
ನಲ್ಲಿಗೆ ನೀರು ಬಂದ ಹಾಗೆ ಬರ್ತಾಳೆ,
ಹೊತ್ತಲ್ಲದ ಹೊತ್ತಲ್ಲಿ, ಒಂದೇ ಸಲ.

ಒಪ್ಪಂದ ಬೇಕೇ ಬೇಕು. ಬಾಯಿಮಾತು ಸಾಕು.
ಆದರೆ ಭಂವರ್‌ಲಾಲನನ್ನು ಟೀ ಬರುವ ತನಕ ಮಾತ್ರ ನಂಬು.
ಇಪ್ಪತ್ತೆಂಟು ವರ್ಷದಿಂದ ನನಗೆ ಸಾಲಕ್ಕೆ ಅಸ್ತರು ಕೊಟ್ಟವನು,
ಒಂದು ಚೀಟಿ ಬರೆಸಿಕೊಂಡಿಲ್ಲ, ಒಂದು ಮಾತು ತಪ್ಪಿಲ್ಲ.
ಇಲ್ಲಿ ಮಾತ್ರ ಬ್ರೆಜಿಲ್ ಮುಟ್ಟಲ್ಲ ಅಂತ ಆಣೆ ಇಟ್ಟು
ಲೋಟ ಕೆಳಗಿಟ್ಟ ಕೂಡಲೇ ಬ್ರೆಜಿಲ್ಲಿನೊಳಗೆ.
ಪಾಪ, ಅವನಿಗೂ ಒಂದು ಜಾಗ ಬೇಕಲ್ಲ
ಮಾತು ಮುರಿಯೋಕೆ.

ನನ್ನ ಕಥೆ ಹೇಳ್ತೀನಿ, ನಗಬೇಡ.
ಒಂದು ರಾತ್ರಿ, ಶಟರ್ ಅರ್ಧ ಎಳೆದಿತ್ತು,
ಪ್ರಪಂಚವೆಲ್ಲ ಕಪ್ಪು. ನನ್ನದು.
ಮಡಗಾಸ್ಕರ್ ಒಂದು ಬಿಟ್ಟು.
ಅಲ್ಲಿ ನಸ್ರೀನಕ್ಕನ ಒಂದು ಬಿಳಿ ಗುಂಡಿ, ನಾಲ್ಕು ತೂತಿನದು,
ಎದುರಿಗೆ ನನ್ನ ಹನ್ನೊಂದು.
ಎಸೆದೆ. ಒಂದು ಹೋಯಿತು. ಎಸೆದೆ, ಇನ್ನೊಂದು.
ಅವಳು ಬೋರ್ಡು ನೋಡುತ್ತಲೂ ಇರಲಿಲ್ಲ,
ಎಡಗೈಯಲ್ಲಿ ದಾಳ ಉರುಳಿಸುತ್ತಾ
ಬಲಗೈಯಲ್ಲಿ ಬೆಳಗಿನ ಕಾಜಾ ಲೆಕ್ಕ ಬರೀತಿದ್ದಳು.
ಆರು. ಐದು. ಮತ್ತೆ ಆರು.
ನನ್ನ ಹತ್ತೂ ಗುಂಡಿ ಡಬ್ಬಕ್ಕೆ ಬಿದ್ದ ಮೇಲೆ ತಲೆ ಎತ್ತಿ,
"ಅದರ ದಾರ ಗಟ್ಟಿ ಇತ್ತು ಬಿಡಿ ಮಾಸ್ಟ್ರೇ" ಅಂದಳು.

ಆವತ್ತು ನನಗೆ ನಿದ್ದೆ ಬರಲಿಲ್ಲ.
ಸೋಲಿಗಲ್ಲ. ಹನ್ನೊಂದು ಜನರನ್ನು
ಒಬ್ಬನ ಮೇಲೆ ಯಾಕೆ ಕಳಿಸಿದೆ ಅಂತ.
ಗುಂಡಿ ಅಂತ ಗೊತ್ತಿದ್ದರೂ.

ಗೆದ್ದವರು ಟೀ ದುಡ್ಡು ಕೊಡಬೇಕು, ಗುಂಡಿ ಆರಿಸಬೇಕು,
ಬಣ್ಣಬಣ್ಣ ಬೇರೆ ಮಾಡಿ ಡಬ್ಬಕ್ಕೆ ತುಂಬಬೇಕು.
ಇಷ್ಟೇ ಚಕ್ರವರ್ತಿಯ ಕೆಲಸ.
ಬೆಳಿಗ್ಗೆ ಹತ್ತಕ್ಕೆ ಶಾಲೆಯವರು ಬರ್ತಾರೆ.
ನಿನ್ನ ಹಸಿರು ಸೈನ್ಯ ಸೈಬೀರಿಯಾದಿಂದ ಎದ್ದು
ಯಾವುದೋ ಹುಡುಗಿಯ ಎದೆಗೆ, ಕೈಗೆ ಹತ್ತಿ
ಪ್ರಾರ್ಥನೆಗೆ ಸಾಲು ನಿಲ್ಲುತ್ತೆ.
ಒಂದು ಕಡಿಮೆ ಬಂದರೂ ನನ್ನನ್ನು ಕೇಳ್ತಾರೆ.
ಅದಕ್ಕೇ ಹೇಳಿದ್ದು, ಎಣಿಸಿಕೋ ಅಂತ.

ಸರಿ, ಎಸಿ. ಮೆಲ್ಲಗೆ.
ದಾಳ ಮಿಷನ್ನಿನ ಕೆಳಗೆ ಹೋದರೆ
ನಿನ್ನ ಸರದಿ ಹೋಯಿತು.